ಸೊನ್ನದ ಎಂಟು ಬೈ ಹತ್ತರ ಕೋಣೆ

ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಅಫಜಲಪುರದ ಬಸ್ಸು ಹತ್ತಿ ಆಧಾರ್ ಕಾರ್ಡ್ ತೋರಿಸಿದೆ. ಕಂಡಕ್ಟರ್ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹರಿದು ಕೊಡುತ್ತಾ, "ಎಲ್ಲಿಗ್ರೀ ಅಕ್ಕೋರ?" ಅಂದ. "ಅಫಜಲಪುರಕ್ಕ, ಅಲ್ಲಿಂದ ಸೊನ್ನಕ್ಕ" ಅಂದೆ. "ಸೊನ್ನಕ್ಕ ಹೋಗೋರಿಗಿ ಸೊನ್ನಿ ಟಿಕೇಟು!" ಅಂತ ನಕ್ಕ. ಹಿಂದಿನ ಸೀಟಿನ ಹೆಂಗಸರೂ ನಕ್ಕರು. ನಮ್ಮೂರಿನ ಹೆಸರಿಗೆ ಈ ಹಾಸ್ಯ ಹೊಸದಲ್ಲ.

ಜೇವರ್ಗಿ ತಾಲ್ಲೂಕಿನಲ್ಲೂ ಒಂದು ಸೊನ್ನ ಇದೆ. ನಮ್ಮದು ಅಫಜಲಪುರ ತಾಲ್ಲೂಕಿನ, ಭೀಮಾ ನದಿ ದಂಡೆಯ ಸೊನ್ನ. ಪೇಪರಿನಲ್ಲಿ ಬರುವುದು ಇದೇ. 'ಸೊನ್ನ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್ ನೀರು ಹೊರಕ್ಕೆ' ಎಂಬ ಸಾಲು ಮಳೆಗಾಲದಲ್ಲಿ ಕಂಡರೆ ಬೆಂಗಳೂರಿನಲ್ಲಿದ್ದರೂ ನನ್ನ ಕೈ ತಾನಾಗಿ ಫೋನಿಗೆ ಹೋಗುತ್ತದೆ.

ಚೌಡಾಪುರ ದಾಟುವಾಗ ದೇವಲ ಗಾಣಗಾಪುರಕ್ಕೆ ಹೋಗುವ ಭಕ್ತರು ಇಳಿದುಕೊಂಡರು. ಎರಡೂ ಕಡೆ ಕಪ್ಪು ಎರೆ ಹೊಲ, ತೊಗರಿ, ಕಬ್ಬು. ಎಳ್ಳಮಾಸಿ ಹತ್ತಿರ ಬಂದಿತ್ತು. ಆದರೆ ಈ ಸಲ ನಾನು ಹೊರಟಿದ್ದು ಚರಗ ಚೆಲ್ಲುವುದಕ್ಕಷ್ಟೇ ಅಲ್ಲ, ಅಣ್ಣನ ಮಗನಿಗೆ ಒಂದು ಕೋಣೆ ಮಾಡಿಕೊಡುವುದಕ್ಕೆ.

ಹುಡುಗನಿಗೆ ಈಗ ಹನ್ನೊಂದು, ಆರನೇ ಇಯತ್ತೆ. 2020ರಲ್ಲಿ ಒಂದನೇ ಇಯತ್ತೆಗೆ ಹೆಸರು ಹಚ್ಚಿದ್ದರು. ಕೊರೋನಾದಿಂದ ಸಾಲಿ ಬಾಗಿಲೇ ತೆರೆದಿರಲಿಲ್ಲ. ಹೊಸ ಚೀಲ, ಹೊಸ ಪುಸ್ತಕ ದಿನಾ ತೆಗೆದು ನೋಡಿ ಮತ್ತೆ ಇಡುತ್ತಿದ್ದನಂತೆ. ಆ ಅಕ್ಟೋಬರಿನಲ್ಲಿ ಇಲ್ಲಿ ಜೋರು ಮಳೆ, ಮೇಲೆ ಮಹಾರಾಷ್ಟ್ರದ ಉಜನಿಯಿಂದ ನೀರು. ಉಜನಿ 117 ಟಿಎಂಸಿಯ ದೊಡ್ಡ ಅಣೆಕಟ್ಟು. ನಮ್ಮ ಸೊನ್ನ ಬ್ಯಾರೇಜು ಹಿಡಿಯುವುದು ಮೂರು ಟಿಎಂಸಿ ಚಿಲ್ಲರೆ. ಮೇಲಿನವರು ಬಿಟ್ಟರೆ ಕೆಳಗಿನವರು ಗೇಟು ತೆಗೆಯುವುದು ಬಿಟ್ಟು ಬೇರೆ ದಾರಿ ಇಲ್ಲ. ಅಣ್ಣ ರಾತ್ರೋರಾತ್ರಿ ಎಲ್ಲರನ್ನೂ ಅಫಜಲಪುರದ ಬೀಗರ ಮನೆಗೆ ಸಾಗಿಸಿದ. ಗಡಿಬಿಡಿಯಲ್ಲಿ ಚೀಲ ಮನೆಯಲ್ಲೇ ಉಳಿಯಿತು.

ಹೊಳಿ ನಮ್ಮ ಹೊಸ್ತಿಲಿಗೆ ಬರಲಿಲ್ಲ. ಆದರೆ ಮಣ್ಣಿನ ಮಾಳಗಿ ಸೋರಿ, ಮೂಲೆಯಲ್ಲಿಟ್ಟಿದ್ದ ಪುಸ್ತಕವೆಲ್ಲ ಮುದ್ದೆಯಾಗಿತ್ತು. ಅಂದಿನಿಂದ ಹುಡುಗ ಚೀಲವನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟು ಮಲಗುತ್ತಾನೆ. 2025ರ ಸೆಪ್ಟೆಂಬರಿನಲ್ಲಿ ಭೀಮೆ ಮತ್ತೆ ತುಂಬಿ ಕೆಳಗಿನ ಹೊಲದ ತೊಗರಿ ನುಂಗಿದ ಮೇಲೆ, ಚೀಲದ ಪಟ್ಟಿಯನ್ನು ಕೈಗೆ ಸುತ್ತಿಕೊಂಡು ಮಲಗತೊಡಗಿದ. "ನಿದ್ದಿನೇ ಮಾಡಂಗಿಲ್ಲ ನೋಡವಾ. ಹಾಸ್ಟೆಲಿಗಿ ಹಾಕಿಬಿಡಮು ಅಂತಾನ ನಿಮ್ಮಣ್ಣ" ಎಂದು ವೈನಿ ಫೋನಿನಲ್ಲಿ ಅತ್ತಾಗ ನಾನೇ, "ಮೊದಲು ಅವಂಗ ಒಂದ್ ಖೋಲಿ ಮಾಡಿ ನೋಡಮು" ಅಂದಿದ್ದೆ.

ಇದ್ದದ್ದು ಜೋಳದ ಚೀಲ ಇಡುವ ಕೋಣೆ. ಉತ್ತರ ದಕ್ಷಿಣ ಹತ್ತು ಅಡಿ, ಪೂರ್ವ ಪಶ್ಚಿಮ ಎಂಟು ಅಡಿ. ಎರಡಡಿ ದಪ್ಪದ ಕಲ್ಲು ಮಣ್ಣಿನ ಗೋಡೆ. ಉತ್ತರಕ್ಕೆ ಪಡಸಾಲಿಗೆ ತೆರೆಯುವ ಬಾಗಿಲು ಬಿಟ್ಟರೆ ಬೆಳಕಿಗೆ ಮಾಳಗಿಯ ಬೆಳಕಿಂಡಿ ಮಾತ್ರ. ನಾನು ಫೋನಿನಲ್ಲಿ ಚಿತ್ರಗಳನ್ನು ತುಂಬಿಕೊಂಡು ಹೋಗಿದ್ದೆ: ಕಾರಿನ ಆಕಾರದ ಮಂಚ, ನೀಲಿ ಗೋಡೆ, ಕತ್ತಲಲ್ಲಿ ಹೊಳೆಯುವ ನಕ್ಷತ್ರದ ಸ್ಟಿಕ್ಕರು, ಪ್ಲೈವುಡ್ ಕಪಾಟು. ಹುಡುಗ ಒಂದೊಂದನ್ನೇ ನೋಡಿ ಸುಮ್ಮನಾದ. "ಯಾಕಪ್ಪಾ, ಮನಸಿಗಿ ಬರಲಿಲ್ಲೇನು?" ಅಂದೆ.

"ಅತ್ತಿ, ಪುಸ್ತಕ ಇಡ್ಲಾಕ ನನ್ನ ತಲಿಗಿಂತ ಮ್ಯಾಲ ಒಂದು ಹಲಗಿ ಬೇಕು. ಮತ್ತ ಹೊಳಿ ಕಡೀಗಿ ಒಂದು ಕಿಡಕಿ."

ಹಲಗಿ ಸರಿ. ಹೊಳಿ ಕಂಡರೆ ಇನ್ನಷ್ಟು ಅಂಜುತ್ತಾನೆ ಅಂದುಕೊಂಡು, "ಕಿಡಕಿ ಬ್ಯಾರೆ ಕಡಿ ಇಡಮು ತಮ್ಮಾ" ಅಂದೆ. ಅವನು ನೆಲ ನೋಡುತ್ತಾ ಹೇಳಿದ: "ಕಾಣಲಿಲ್ಲಂದ್ರ ಹೆಚ್ಚು ಅಂಜಿಕಿ ಬರ್ತದತ್ತಿ. ಕತ್ತಲ್ದಾಗ ಬರೇ ಸಪ್ಪಳ ಕೇಳ್ತದ. ಎಲ್ಲೀತನ ಬಂದದ ಅಂತ ನೋಡಿದ್ರ ಮಲಗಬೌದು."

ಚಿತ್ರಗಳನ್ನೆಲ್ಲ ಅಲ್ಲೇ ಬಿಟ್ಟೆ.

ಮರುದಿನ ಗೌಂಡಿ ಬಂದು ತಲೆಯೆತ್ತಿ ತೊಲೆ ಜಂತಿ ನೋಡಿದರು. "ತೊಲಿ ಕುಂತ ಗ್ವಾಡಿಗಿ ಕೈ ಹಚ್ಚಬಾರದ್ರೀ ಅಕ್ಕೋರ" ಅಂದರು. ಕೋಣೆ ಎಂಟಡಿ ಅಗಲ ಇರುವ ಕಡೆಗೆ ತೊಲೆ ಹಾಕಿದ್ದರಿಂದ ಭಾರ ಪೂರ್ವ, ಪಶ್ಚಿಮದ ಗೋಡೆ ಮೇಲಿತ್ತು. ದಕ್ಷಿಣದ ಗೋಡೆಗೆ ಭಾರ ಕಡಿಮೆ. ನಮ್ಮೂರಿಗೆ ಹೊಳಿ ಇರುವುದೂ ದಕ್ಷಿಣಕ್ಕೇ, ಆಚೆ ದಂಡೆ ವಿಜಯಪುರ ಜಿಲ್ಲೆ. ಹೀಗೆ ಹುಡುಗ ಕೇಳಿದ ಕಡೆಯೇ ಕಿಟಕಿ ಕೂತಿತು. ಎರಡೂವರೆ ಅಡಿ ಅಗಲ, ಮೇಲೆ ಒಂದೇ ಕಲ್ಲಿನ ಅಡ್ಡಪಟ್ಟಿ, ಹೊರಗೆ ಶಹಾಬಾದಿ ಪರಸಿಯ ಚಜ್ಜಾ. ಬೇಸಿಗೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುವುದರಿಂದ ಈ ಕಿಟಕಿಯಿಂದ ಬಿಸಿಲು ಒಳಗೆ ಬರದು. ಚಳಿಗಾಲದಲ್ಲಿ ಓರೆಯಾಗಿ ಬಂದು ಕೋಣೆಯನ್ನು ಬೆಚ್ಚಗಿಡುತ್ತದೆ. ಪಶ್ಚಿಮಕ್ಕೆ ಮಾತ್ರ ಏನೂ ತೆರೆಯಲಿಲ್ಲ. ಮೇ ತಿಂಗಳಲ್ಲಿ 42, 43 ಡಿಗ್ರಿ ಕಾಣುವ ಸೀಮೆಯಲ್ಲಿ ಸಂಜೆ ಬಿಸಿಲನ್ನು ಒಳಗೆ ಕರೆಯಬಾರದು.

ಕಪಾಟಿಗೆ ಪ್ಲೈವುಡ್ ಬೇಡವೆಂದೆವು. ನೀರು ತಾಗಿದರೆ ಅದು ಉಬ್ಬಿ ಬಿಡುತ್ತದೆ. ಪಶ್ಚಿಮದ ಗೋಡೆಗೆ ಆತು ಪರಸಿಯನ್ನೇ ನಿಲ್ಲಿಸಿ, ಅಡ್ಡಡ್ಡ ಪರಸಿ ಕೂಡಿಸಿದೆವು. ಗೋಡೆ ಕೊರೆಯುವ ಕೆಲಸವೇ ಇಲ್ಲ. ಕೆಳಗಿನ ಖಾನೆಯಲ್ಲಿ ಚಪ್ಪಲಿ, ಚೆಂಡು. ಬಟ್ಟೆ ಮಧ್ಯಕ್ಕೆ. ಪುಸ್ತಕ ಐದಡಿ ಮೇಲೆ. ಸ್ವಿಚ್ ಬೋರ್ಡನ್ನೂ ಐದಡಿಗೆ ಏರಿಸಿದೆವು. ಎಲ್ಲಕ್ಕಿಂತ ಮೊದಲು ಮಾಳಗಿಗೆ ಹೊಸ ಮಣ್ಣು ಹಾಕಿಸಿ, ಬಡಿದು ಗಟ್ಟಿ ಮಾಡಿಸಿ, ಸೋರುತ್ತಿದ್ದ ಮೂಲೆಯ ಇಳಿಜಾರು ಸರಿ ಮಾಡಿಸಿದ ಅಣ್ಣ. ಮೇಲೆ ಸೋರಿದರೆ ಕೆಳಗೆ ಎಷ್ಟು ಎತ್ತರ ಮಾಡಿದರೂ ವ್ಯರ್ಥ ತಾನೆ?

ಹುಡುಗ ಎಡಚ. ಬರೆಯುವಾಗ ಕೈಯ ನೆರಳು ಅಕ್ಷರದ ಮೇಲೆ ಬೀಳಬಾರದೆಂದರೆ ಅವನಿಗೆ ಬೆಳಕು ಬಲಗಡೆಯಿಂದ ಬರಬೇಕು. ಕಿಟಕಿ ಪಕ್ಕದ ಮೂಲೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತರೆ ಬೆಳಕು ಬಲಕ್ಕೇ. "ಮೂಡಣ ದಿಕ್ಕಿಗಿ ಮುಖಾ ಮಾಡಿ ಓದಬೇಕು, ನಾ ಹೇಳ್ತಿದ್ದಿಲ್ಲೇನು?" ಎಂದು ಅವ್ವನೂ ಖುಷಿಯಾದಳು. ಮೇಜನ್ನು ದೊಡ್ಡವರ ಲೆಕ್ಕದಲ್ಲಿ 28 ಇಂಚಿಗೇ ಮಾಡಿಸಿ, ಈಗ ಅವನ ಕಾಲು ಜೋತಾಡದಂತೆ ಕೆಳಗೊಂದು ಹಲಗೆ ಇಟ್ಟೆವು. ಬೆಳೆದ ಮೇಲೆ ಹಲಗೆ ತೆಗೆದರಾಯಿತು.

ಮಂಚ ಕೊಳ್ಳಲಿಲ್ಲ. ಅಪ್ಪನ ಹೊರಸು ಅಟ್ಟದ ಮೇಲಿತ್ತು. ಅವ್ವ ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಈ ಸಲ ತಾನೇ ಇಳಿಸಲು ಹೇಳಿ, ಹೊಸ ನುಲಿ ಹಾಕಿಸಿ, ಮೇಲೊಂದು ಕೌದಿ ಹಾಸಿದಳು. ಗೋಡೆಗೆ ಸುಣ್ಣ ಬಳಿದೆವು. ಒಟ್ಟು ಖರ್ಚು ಕೂಲಿ ಸೇರಿ 18,000 ದಾಟಲಿಲ್ಲ. ನಕ್ಷತ್ರದ ಸ್ಟಿಕ್ಕರನ್ನು ಮಾತ್ರ ಹುಡುಗ ಬೇಡವೆನ್ನಲಿಲ್ಲ; ನನ್ನ ಮನಸ್ಸು ನೋಯಬಾರದೆಂದೋ ಏನೋ, ನಾಲ್ಕನ್ನು ತೊಲೆಗೆ ಹಚ್ಚಿಸಿಕೊಂಡ.

ಎಳ್ಳಮಾಸಿ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಉಂಡು ಬಂದೆವು. ತೊಗರಿ ಹೋದ ಹೊಲದಲ್ಲಿ ಅಣ್ಣ ಮತ್ತೆ ಕಡಲೆ ಬಿತ್ತಿದ್ದ, ಹಸಿರಾಗಿತ್ತು. ಆ ರಾತ್ರಿ ಹುಡುಗ ಮೊದಲ ಬಾರಿ ತನ್ನ ಕೋಣೆಯಲ್ಲಿ ಮಲಗಿದ. ನಡುರಾತ್ರಿ ಎದ್ದು ಬಂದು ಅವ್ವನ ಕೌದಿಯೊಳಗೆ ಸೇರಿಕೊಂಡ. ಯಾರೂ ಏನೂ ಅನ್ನಲಿಲ್ಲ. ಎರಡನೇ ರಾತ್ರಿಯೂ ಅಷ್ಟೇ.

ಮೂರನೇ ರಾತ್ರಿ ನನಗೆ ಎಚ್ಚರವಾಗಿ ನೋಡಿದರೆ ಹುಡುಗ ಹೊರಸಿನ ಮೇಲೆ ಎದ್ದು ಕೂತು ಕಿಟಕಿಯತ್ತ ತಿರುಗಿದ್ದ. ಹೊರಗೆ ಜಾಲಿ ಗಿಡಗಳ ಆಚೆ ಹೊಳಿ ತೆಳ್ಳಗೆ ಕಾಣುತ್ತಿತ್ತು. "ಎಲ್ಲದ?" ಅಂತ ಮೆಲ್ಲಗೆ ಕೇಳಿದೆ. "ಅಲ್ಲೇ ಅದ" ಅಂದವನು ಮಲಗಿಬಿಟ್ಟ. ಚೀಲ ಮೇಲಿನ ಪರಸಿಯ ಮೇಲಿತ್ತು.

ಹಾಸ್ಟೆಲಿನ ಮಾತನ್ನು ಅಣ್ಣ ಬರುವ ಜೂನ್‌ಗೆ ಮುಂದೂಡಿದ್ದಾನೆ. ಮಳೆಗಾಲ ಬಂದಾಗ ಏನಾಗುತ್ತದೋ ನೋಡಬೇಕು. ಮಕ್ಕಳ ಕೋಣೆ ಮಾಡುವ ಅಕ್ಕ ತಂಗಿಯರಿಗೆ ನಾನು ಹೇಳುವುದಿಷ್ಟೇ: ಬಣ್ಣ ಕೇಳುವ ಮೊದಲು, ರಾತ್ರಿ ನಿನಗೆ ಯಾತರ ಅಂಜಿಕೆ ಎಂದು ಕೇಳಿ. ನಮ್ಮ ಹುಡುಗನ ಹಾಗೆ, ಅವರ ಬಳಿ ಕೋಣೆಯ ನಕ್ಷೆ ಆಗಲೇ ಸಿದ್ಧವಿರಬಹುದು.