ಅವ್ವನ ಡಬ್ಬಿ, ಅಪ್ಪುವಿನ ಸಮುದ್ರ

ಅಭಿಮಾನಿ ಗೆಳೆಯರೇ, ಈ ಪುಟಗಳಲ್ಲಿ ನೀವು ತಾರೆಯರ ಮಾತು ಓದುತ್ತೀರಿ. ಇವತ್ತು ಒಬ್ಬ ಸಾದಾ ಅಭಿಮಾನಿಯ ತಪ್ಪೊಪ್ಪಿಗೆ ಓದಿ. ಬೈಯಬೇಕೆನಿಸಿದರೆ ಧಾರಾಳವಾಗಿ ಬೈಯಿರಿ. ಆದರೆ ಪೂರ್ತಿ ಓದಿ ಬೈಯಿರಿ!

ನನ್ನೂರು ದಂಡೋತಿ, ಚಿತ್ತಾಪುರ ತಾಲೂಕು. ಮಳೆಗಾಲದಲ್ಲಿ ಟಿ.ವಿ.ಯವರು "ಕಾಗಿಣಾ ಉಕ್ಕಿ ಸೇತುವೆ ಮುಳುಗಡೆ" ಅಂತ ತೋರಿಸ್ತಾರಲ್ಲ, ಆ ಸೇತುವೆ ನಮ್ಮದೇ. ವರ್ಷಕ್ಕೆ ನಾಲ್ಕು ದಿನ ನಮ್ಮೂರೂ ತೆರೆಯ ಮೇಲೆ ಮಿಂಚುತ್ತದೆ. ಉಳಿದ ದಿನ ಬಿಸಿಲು, ತೊಗರಿ ಹೊಲ, ಕಲ್ಲಿನ ಧೂಳು. ನನ್ನಪ್ಪ ಮೂವತ್ತು ವರ್ಷ ಶಹಾಬಾದ್ ಕಲ್ಲು ಒಡೆದವನು. ನಿಮ್ಮ ಮನೆಯ ನೆಲದ ಮೇಲಿರುವ ಹಾಸುಗಲ್ಲು ಅಪ್ಪನ ಕೈಯಿಂದ ಬಂದದ್ದೂ ಇರಬಹುದು.

ನಮ್ಮ ಮನೆಯ ಅಡುಗೆ ಕೋಣೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇನ್ನೊಂದು ಡಬ್ಬಿ ಇತ್ತು. ಹಳೆಯ ತಗಡಿನ ಡಬ್ಬಿ. ಹಾಲು ಮಾರಿದ ದುಡ್ಡು, ತೊಗರಿ ಕಳೆ ತೆಗೆದ ಕೂಲಿ, ಎಲ್ಲದರಲ್ಲೂ ಹತ್ತು ಇಪ್ಪತ್ತು ಉಳಿಸಿ ಅವ್ವ ಅದರಲ್ಲಿ ಹಾಕುತ್ತಿದ್ದಳು. ಯಾತಕ್ಕೆ ಅಂತ ಕೇಳಿದರೆ ಒಂದೇ ಉತ್ತರ: "ಸಾಯೋದ್ರೊಳಗ ಒಮ್ಮಿ ಸಮುದ್ರ ನೋಡ್ಬೇಕು ತಮ್ಮಾ."

ನಾವೆಲ್ಲ ನಗುತ್ತಿದ್ದೆವು. ದಂಡೋತಿ ಎಲ್ಲಿ, ಸಮುದ್ರ ಎಲ್ಲಿ!

* * *

2021ರ ಅಕ್ಟೋಬರ್ 29. ಆ ದಿನ ಏನಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಅಪ್ಪು ಹೋದ ಸುದ್ದಿ ಬಂದಾಗ ನಾನು ಹೊಲದಲ್ಲಿದ್ದೆ. ಎರಡು ದಿನ ಊಟ ಸೇರಲಿಲ್ಲ. ಮುಂದೆ 2022ರ ಮಾರ್ಚ್ 17, ಅವರ ಹುಟ್ಟಿದ ದಿನವೇ 'ಜೇಮ್ಸ್' ಬಿಡುಗಡೆ. ಗೆಳೆಯರೆಲ್ಲ ಸೇರಿ ತೀರ್ಮಾನ ಮಾಡಿದೆವು: ಕಟೌಟು, ಹೂವಿನ ಹಾರ, ಹಾಲಿನ ಅಭಿಷೇಕ, ಊರಿನಿಂದ ಎರಡು ಜೀಪು. ತಲೆಗೆ ಇಷ್ಟು ಅಂತ ಪಟ್ಟಿ ಆಯಿತು. ನನ್ನ ಕೈಯಲ್ಲಿ ದುಡ್ಡಿರಲಿಲ್ಲ.

ಗೆಳೆಯರೇ, ನಾನು ಅಡುಗೆ ಕೋಣೆಗೆ ಹೋದೆ. ಅವ್ವ ಹೊರಗೆ ಎಮ್ಮೆ ಕಟ್ಟುತ್ತಿದ್ದಳು. ಹಿಟ್ಟಿನ ಡಬ್ಬಿ ಸರಿಸಿದೆ. ಹಿಂದಿನ ಡಬ್ಬಿಯಲ್ಲಿ ಏಳು ಸಾವಿರದ ನಾನೂರು ರೂಪಾಯಿ ಇತ್ತು. ಚಿಲ್ಲರೆ ಮಾತ್ರ ಬಿಟ್ಟೆ.

ಆಮೇಲೆ ಇಡೋಣ, ತೊಗರಿ ಬಂದಮೇಲೆ ತುಂಬಿಸೋಣ ಅಂದುಕೊಂಡೆ. ಕಳ್ಳತನ ಮಾಡೋ ಪ್ರತಿಯೊಬ್ಬನೂ ಹೀಗೇ ಅಂದುಕೊಳ್ಳುತ್ತಾನೆ.

ಆ ವರ್ಷ ತುಂಬಿಸಲಿಲ್ಲ. ಅವ್ವ ಕೇಳಲೂ ಇಲ್ಲ.

* * *

ಅದೇ ವರ್ಷ ಅಕ್ಟೋಬರ್ 28ಕ್ಕೆ 'ಗಂಧದ ಗುಡಿ' ಬಂತು. ಅಪ್ಪುವನ್ನು ಅಪ್ಪುವಾಗಿಯೇ ತೆರೆಯ ಮೇಲೆ ನೋಡುವ ಕೊನೆಯ ಚಿತ್ರ. ಕಥೆಯಿಲ್ಲ, ವಿಲನ್ ಇಲ್ಲ. ನಮ್ಮ ನಾಡಿನ ಕಾಡು, ನದಿ, ಕಡಲು ಅಷ್ಟೇ. ಅವ್ವನನ್ನೂ ಕಲಬುರಗಿಗೆ ಕರೆದುಕೊಂಡು ಹೋದೆ. 1973ರ 'ಗಂಧದ ಗುಡಿ'ಯನ್ನು ಆಕೆ ಹುಡುಗಿಯಾಗಿದ್ದಾಗ ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕೂತು ನೋಡಿದ್ದಳಂತೆ. "ಅಪ್ಪಂದು ನೋಡೀನಿ, ಮಗಂದೂ ನೋಡ್ತೀನಿ" ಅಂತ ಬಂದಳು.

ಅಪ್ಪು ನೇತ್ರಾಣಿ ದ್ವೀಪದ ಹತ್ತಿರ ಸಮುದ್ರದೊಳಗೆ ಮುಳುಗುತ್ತಾರೆ, ನೆನಪಿದೆಯಲ್ಲ? ಆ ನೀಲಿ ತೆರೆಯ ತುಂಬ ತುಂಬಿಕೊಂಡಾಗ ಅವ್ವ ನನ್ನ ತೋಳು ಹಿಡಿದಳು.

"ಇದು ಯಾವ ದೇಶದಾಗ ಅದ ತಮ್ಮಾ?"

"ನಮ್ಮ ರಾಜ್ಯದಾಗೇ ಅದವ್ವ. ಮುರ್ಡೇಶ್ವರದ ಹಂತ್ಯಾಕ."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, "ಹಂಗಾರ ಬಸ್ಸು ಹೋಗ್ತದಲ್ಲ" ಅಂದಳು.

ಸುತ್ತ ಅಭಿಮಾನಿಗಳು ಅಳುತ್ತಿದ್ದರು. ನಾನೂ ಅತ್ತೆ. ಎಲ್ಲರೂ ಒಂದೇ ಕಾರಣಕ್ಕೆ ಅಳುತ್ತಿದ್ದಾರೆ ಅಂತ ಪಕ್ಕದವನು ಅಂದುಕೊಂಡಿರಬೇಕು. ನನ್ನ ಕಾರಣ ಬೇರೆ ಇತ್ತು.

* * *

ಮುಂದಿನ ವರ್ಷ ಜೂನ್ 11ರಿಂದ 'ಶಕ್ತಿ' ಯೋಜನೆ ಜಾರಿಗೆ ಬಂತು. ಸರ್ಕಾರಿ ಸಾದಾ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ರಾಜ್ಯದೊಳಗೆ ಹೆಂಗಸರಿಗೆ ಟಿಕೆಟ್ ಇಲ್ಲ. ಅಲ್ಲಿಯವರೆಗೆ ನಮ್ಮಂಥವರ ಮನೆಯಲ್ಲಿ ಒಂದೇ ನೆಪ: ಗಂಡಸರು ಹೋಗಿ ಬರ್ತೀವಿ, ಹೆಂಗಸರ ಟಿಕೆಟ್ ಖರ್ಚು ಯಾಕೆ? ಈಗ ಆ ನೆಪ ತಿರುಗುಮುರುಗಾಯಿತು. ಮನೆಯಲ್ಲಿ ನಾವು ಐದು ಜನ. ಅವ್ವ, ಹೆಂಡತಿ, ಆರು ವರ್ಷದ ಮಗಳು, ಮೂವರಿಗೂ ಸೊನ್ನೆ ಟಿಕೆಟ್. ಖರ್ಚು ನನ್ನದೂ ಅಪ್ಪನದೂ ಮಾತ್ರ. ಹೆಂಡತಿ ನಕ್ಕು ಅಂದಳು: "ಈಗ ನೀವಿಬ್ರೇ ಮನ್ಯಾಗ ಇರ್ರಿ, ನಾವು ಹೋಗಿ ಬರ್ತೀವಿ!"

ನೋಟ್‌ಬುಕ್ ತೆಗೆದುಕೊಂಡು ಕೂತೆ. ನನ್ನ ಮೊದಲ ಪಟ್ಟಿ ಕೇಳಿ: 'ನಾಗರಹಾವು' ಚಿತ್ರದ ಚಿತ್ರದುರ್ಗದ ಕೋಟೆ, ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆದ ಆಗುಂಬೆ, 'ಉಳಿದವರು ಕಂಡಂತೆ'ಯ ಮಲ್ಪೆ. ಹೆಂಡತಿ ಪೆನ್ನು ಕಿತ್ತುಕೊಂಡು ಗೀಟು ಹಾಕಿದಳು. "ಇದು ನಿಮ್ಮ ಪ್ರವಾಸ. ಅತ್ತೀದು ಯಾವುದು?"

ಹೊಸ ಪಟ್ಟಿ ಬರೆದೆವು. ಕಲಬುರಗಿಯಿಂದ ವಿಜಯಪುರ, ಬಾದಾಮಿ, ಹುಬ್ಬಳ್ಳಿ, ಮುರ್ಡೇಶ್ವರ. ಬರುವಾಗ ಹೊಸಪೇಟೆ, ಹಂಪಿ, ರಾಯಚೂರು ಮೇಲೆ ಮನೆ. ರೈಲಿನಲ್ಲಾದರೆ ಸುತ್ತಿ ಹೋಗಬೇಕು, ಎಲ್ಲರಿಗೂ ಟಿಕೆಟ್ ತೆಗೆಯಬೇಕು. ಬಸ್ಸಿನ ದಾರಿ ರಾಜ್ಯ ಬಿಟ್ಟು ಹೊರಗೆ ಹೋಗುವುದಿಲ್ಲ.

ಆಗ ಅವ್ವ ಒಂದು ಮಾತು ಹೇಳಿದಳು. "ಮನಿ ದೇವರಿಗೆ ಕಾಯಿ ಒಡೀದೆ ದೂರದ ದೇವರಿಗೆ ಹೋಗಬಾರದು. ಮೊದಲ ಮಳಖೇಡ ನೋಡಮಿ."

ಮಳಖೇಡ! ನಮ್ಮೂರಿನ ಇದೇ ಕಾಗಿಣಾ ದಂಡೆಯ ಮೇಲೆ, ಸ್ವಲ್ಪ ಮೇಲಕ್ಕಿದೆ. ಸೇಡಂಗೆ ಹೋಗುವಾಗೆಲ್ಲ ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಒಮ್ಮೆಯೂ ಇಳಿದಿರಲಿಲ್ಲ. ಒಂದು ಭಾನುವಾರ ಐದೂ ಜನ ಹೋದೆವು. ಕೋಟೆಯ ಬಾಗಿಲು, ಕುಸಿದ ಗೋಡೆ, ಹಳೆಯ ಬಸದಿ. ಇದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಎಲ್ಲೋರದ ಕೈಲಾಸ ದೇವಾಲಯ ಕೊರೆಸಿದ್ದು ಇದೇ ವಂಶದ ದೊರೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ' ಹುಟ್ಟಿದ್ದು 9ನೇ ಶತಮಾನದಲ್ಲಿ, ಇಲ್ಲಿಯ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಅಂತ ಹೇಳಿದ ಪುಸ್ತಕ ಅದು.

ಅಮೋಘವರ್ಷ! ಹೆಸರು ಕೇಳಿದ ಕೂಡಲೇ ನನಗೆ ಮಿಂಚು ಹೊಡೆದಂತಾಯಿತು. 'ಗಂಧದ ಗುಡಿ'ಯ ನಿರ್ದೇಶಕರ ಹೆಸರೂ ಅಮೋಘವರ್ಷ! ಅವ್ವನಿಗೆ ಹೇಳಿದೆ. "ನೋಡು, ಅಪ್ಪೂನ್ನ ಸಮುದ್ರಕ್ಕ ಕರ್ಕೊಂಡು ಹೋದಾಂವ ನಮ್ಮೂರ ಕಡೀ ಹೆಸರಿನಾಂವ" ಅಂತ ಆಕೆ ಖುಷಿಪಟ್ಟಳು. ಆ ದಿನದ ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ. ಅವ್ವನ ಮೊಣಕಾಲು ಎಷ್ಟು ಮೆಟ್ಟಿಲು ತಡೆಯುತ್ತದೆ ಅನ್ನುವುದೂ ಅಲ್ಲೇ ಗೊತ್ತಾಯಿತು. ದೊಡ್ಡ ಪ್ರವಾಸಕ್ಕೆ ಮೊದಲು ಇಂಥ ಒಂದು ರಿಹರ್ಸಲ್ ಇರಲಿ, ಗೆಳೆಯರೇ.

* * *

2024ರ ಫೆಬ್ರುವರಿ. ತೊಗರಿ ಮಾರಿದ ದುಡ್ಡು ಕೈಗೆ ಬಂದಿತ್ತು. ಈ ಸಲ ಮೊದಲ ಕೆಲಸ: ಯಾರಿಗೂ ಹೇಳದೆ ಏಳು ಸಾವಿರದ ನಾನೂರು ಎಣಿಸಿ ಡಬ್ಬಿಗೆ ಹಾಕಿದೆ. ಆಮೇಲೆ ಹೊರಟೆವು. ಚೀಲದಲ್ಲಿ ಎರಡು ಡಜನ್ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ. ಖಡಕ್ ರೊಟ್ಟಿ ವಾರ ಕಳೆದರೂ ಕೆಡುವುದಿಲ್ಲ.

ವಿಜಯಪುರದ ಗೋಳಗುಮ್ಮಟ, 1656ರ ಹೊತ್ತಿಗೆ ತೀರಿಹೋದ ಮೊಹಮ್ಮದ್ ಆದಿಲ್‌ಶಾಹನ ಗೋರಿ. ಅವ್ವ, ಅಪ್ಪ ಕೆಳಗೆ ಕೂತರು. ನಾನು ಮಗಳನ್ನು ಕರೆದುಕೊಂಡು ಪಿಸುಮಾತಿನ ಮೊಗಸಾಲೆಗೆ ಹತ್ತಿದೆ. "ಏನಾದ್ರೂ ಕೂಗು" ಅಂದೆ. ಆಕೆ ಕೂಗಿದ್ದು ಏನು ಗೊತ್ತೇ? "ಅಪ್ಪೂ!" ಗುಮ್ಮಟ ಮತ್ತೆ ಮತ್ತೆ "ಅಪ್ಪೂ... ಅಪ್ಪೂ..." ಅಂತ ತಿರುಗಿ ಕೂಗಿತು. ಎದುರು ಬದಿಯಲ್ಲಿದ್ದ ಅಪರಿಚಿತ ಹುಡುಗರು ಶಿಳ್ಳೆ ಹೊಡೆದರು. ಕಟೌಟಿಗೆ ಹಾಲು ಸುರಿದ ದಿನವೂ ಮೈ ಅಷ್ಟು ಜುಮ್ಮೆಂದಿರಲಿಲ್ಲ.

ಬಾದಾಮಿಯಲ್ಲಿ ಅಪ್ಪನ ಸರದಿ. 'ಇಮ್ಮಡಿ ಪುಲಿಕೇಶಿ'ಯಲ್ಲಿ ಅಣ್ಣಾವ್ರನ್ನು ನೋಡಿದ್ದ ಅಪ್ಪ ಪುಲಿಕೇಶಿಯ ಊರು ಅಂತ ಹುರುಪಿನಲ್ಲಿದ್ದ. ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ ಇದೆ, ಕ್ರಿ.ಶ. 578ರದು. ಅಪ್ಪನಿಗೆ ಶಾಸನ ಬೇಕಾಗಿರಲಿಲ್ಲ. ಕಾವಲಿನವನ ಕಣ್ಣು ತಪ್ಪಿಸಿ ಬಂಡೆಯ ಮೇಲೆ ಅಂಗೈ ಇಟ್ಟ.

"ನಮ್ಮ ಕಲ್ಲು ಪದರು ಪದರು ಬಿಡ್ತದ, ಉಳಿ ಇಟ್ರ ಹಾಳಿ ಎದ್ದಂಗ ಏಳ್ತದ. ಇದು ಹಂಗಲ್ಲ. ಇದ್ರಾಗ ಒಂದು ಏಟು ತಪ್ಪಿದ್ರ ದೇವರ ಮೂಗೇ ಹೋಗ್ತದ. ತಪ್ಪಿಲ್ಲ ನೋಡು ಅವರು."

ಮೂವತ್ತು ವರ್ಷ ಕಲ್ಲು ಒಡೆದ ಅಪ್ಪ ಒಂದು ಕಲ್ಲನ್ನು ಸುಮ್ಮನೆ ನಿಂತು ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಪಟ್ಟದಕಲ್ಲಿನಲ್ಲೂ ಅಷ್ಟೇ, ಎಬ್ಬಿಸಿಕೊಂಡು ಬರಬೇಕಾಯಿತು.

ಹುಬ್ಬಳ್ಳಿಯಿಂದ ಮುಂದೆ ಬಸ್ಸು ತುಂಬಿ ತುಳುಕುತ್ತಿತ್ತು. ಸೊನ್ನೆ ಟಿಕೆಟಿನವರಿಗೆ ಸೀಟು, ದುಡ್ಡು ಕೊಟ್ಟ ನಾನೂ ಅಪ್ಪನೂ ಯಲ್ಲಾಪುರದವರೆಗೆ ನಿಂತೇ ಹೋದೆವು. ಅವ್ವ ಕಿಟಕಿ ಪಕ್ಕ ಮಹಾರಾಣಿಯ ಹಾಗೆ ಕೂತಿದ್ದಳು. ಘಟ್ಟ ಇಳಿದಮೇಲೆ ಗಾಳಿಯೇ ಬದಲಾಯಿತು. ನಮ್ಮ ಒಣ ಗಾಳಿಯಲ್ಲ, ಮೈಗೆ ಅಂಟುವ ಗಾಳಿ.

* * *

ಮುರ್ಡೇಶ್ವರಕ್ಕೆ ರಾತ್ರಿ ತಲುಪಿದೆವು. ಕತ್ತಲೆಯಲ್ಲಿ ಸದ್ದು ಮಾತ್ರ. "ಇಡೀ ರಾತ್ರಿ ಇದು ಹಿಂಗೇ ಮಾಡ್ತದೇನು?" ಅಂತ ಅವ್ವ ಕೇಳಿದಳು. ಬೆಳಗ್ಗೆ ಐದಕ್ಕೇ ಎದ್ದು ನಮ್ಮನ್ನೆಲ್ಲ ಎಬ್ಬಿಸಿದಳು.

123 ಅಡಿಯ ಶಿವ, 20 ಅಂತಸ್ತಿನ ರಾಜಗೋಪುರ ಎಲ್ಲ ಅಲ್ಲೇ ಇತ್ತು. ಅವ್ವ ಶಿವನಿಗೆ ಕೈ ಮುಗಿದು ನೇರ ನೀರಿಗೆ ನಡೆದಳು. ಕಾವಲು ಹುಡುಗರು ಸೀಟಿ ಊದುವ ಗೆರೆಯ ಈಚೆಗೇ ನಿಲ್ಲಿಸಿಕೊಂಡೆವು. ಕಡಲು ಕಾಗಿಣಾ ಅಲ್ಲ. ಈಜು ಬರುತ್ತದೆ ಅಂತ ಹೀರೋಗಿರಿ ತೋರಿಸಲು ಹೋಗಬೇಡಿ. ಮೊಣಕಾಲವರೆಗೆ ಸೀರೆ ಎತ್ತಿ ನಿಂತ ಅವ್ವ ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ಹಚ್ಚಿ ನೋಡಿದಳು. "ಖರೇನೇ ಉಪ್ಪದ!"

ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್ ದೂರ. ಅಪ್ಪು ಮುಳುಗಿದ ನೀರಿನಲ್ಲಿ ನಾನೂ ಮುಳುಗಬೇಕು ಅಂತ ವಿಚಾರಿಸಿದೆ. ಒಬ್ಬನಿಗೆ ಕೇಳಿದ ದುಡ್ಡು ನಮ್ಮ ಇಡೀ ಬಜೆಟ್ಟಿನ ಅರ್ಧದಷ್ಟು! ಹಳೆಯ ನಾನಾಗಿದ್ದರೆ ಹೋಗಿಬಿಡುತ್ತಿದ್ದೆ. ಲಿಫ್ಟಿನಲ್ಲಿ ಗೋಪುರ ಹತ್ತಿ ಮೇಲಿನ ಕಿಟಕಿಯಿಂದ ಆ ದಿಕ್ಕಿಗೆ ನೋಡಿ ಕೈ ಮುಗಿದೆ. ಅಷ್ಟೇ.

ಸಂಜೆ ಮರಳಿನ ಮೇಲೆ ಅವ್ವನ ಪಕ್ಕ ಕೂತೆ. ಬಾಯಿ ಬಿಟ್ಟೆ. "ಅವ್ವಾ, ಆ ಡಬ್ಬಿ ದುಡ್ಡು..."

"ಗೊತ್ತದ."

"ಯಾವಾಗಿಂದ?"

"ಮರುದಿನದಿಂದ. ಡಬ್ಬಿ ಹಗುರ ಆದದ್ದು ಕೈಗೆ ತಿಳೀಲಾರದೇನು? ಆ ಹುಡುಗ ಸತ್ತಾಗ ನಾನೂ ಅತ್ತೀನಿ ತಮ್ಮಾ. ಅದಕ್ಕೇ ಸುಮ್ಮನಿದ್ದೆ." ಸ್ವಲ್ಪ ತಡೆದು ಅಂದಳು: "ಆದ್ರ ಕೇಳಿ ತಗೋಬೇಕಿತ್ತು. ಕೇಳಿದ್ರ ಕೊಡ್ತಿದ್ದೆ."

ಗೆಳೆಯರೇ, ನಾನು ತಲೆ ಎತ್ತಲಿಲ್ಲ.

* * *

ಮರುದಿನ ರಾತ್ರಿ ಬಸ್ಸಿನಲ್ಲಿ ಹೊರಟು ಹುಬ್ಬಳ್ಳಿ ಮೇಲೆ ಹೊಸಪೇಟೆ, ಒಂದು ರಾತ್ರಿಯ ರೂಮು ಉಳಿಯಿತು. ಹಂಪಿಯನ್ನು ಒಂದೇ ದಿನದಲ್ಲಿ ನೋಡುವುದು 'ಶ್ರೀ ಕೃಷ್ಣದೇವರಾಯ'ನ ಇಂಟರ್‌ವಲ್‌ಗೇ ಎದ್ದು ಬಂದಂತೆ. ಅದರ ಮಾತು ಇನ್ನೊಮ್ಮೆ.

ಲೆಕ್ಕ ಬೇಕೇ? ಗಂಡಸರಿಬ್ಬರ ಬಸ್ಸು 2,600. ಐದು ರಾತ್ರಿ ರೂಮು 4,000. ಊಟ, ಚಹಾ 2,400. ಆಟೋ, ಚಿಲ್ಲರೆ 1,100. ಪ್ರವೇಶ ಟಿಕೆಟ್ 520; ಹಂಪಿ, ಪಟ್ಟದಕಲ್ಲಿಗೆ ತಲೆಗೆ 40, ಬಾದಾಮಿ, ಗುಮ್ಮಟಕ್ಕೆ 25, ಹದಿನೈದರೊಳಗಿನ ಮಕ್ಕಳಿಗೆ ಇಲ್ಲ. ಒಟ್ಟು 10,620 ರೂಪಾಯಿ, ಏಳು ದಿನ, ಐದು ಜನ. ಹೆಂಗಸರ ಆಧಾರ್ ಕಾರ್ಡು ಅಥವಾ ಬೇರೆ ಸರ್ಕಾರಿ ಗುರುತಿನ ಚೀಟಿ ಮರೆಯಬೇಡಿ, ಅದಿಲ್ಲದೆ ಸೊನ್ನೆ ಟಿಕೆಟ್ ಇಲ್ಲ.

ಹತ್ತು ವರ್ಷ ನಾವು 'ದುಡ್ಡಿಲ್ಲ' ಅಂದಿದ್ದೆವು. ಆ ಹತ್ತು ವರ್ಷದಲ್ಲಿ ಹಾರ, ಪಟಾಕಿ, ಜೀಪಿಗೆ ನಾನು ಹಾಕಿದ್ದು ಇದರ ಎರಡು ಪಟ್ಟು. ಕಟೌಟು ಬೇಡ ಅಂತ ನಾನು ಹೇಳುವುದಿಲ್ಲ. ಮುಂದಿನ ಬಿಡುಗಡೆಗೆ ನಾನೂ ಅಲ್ಲೇ ಇರುತ್ತೇನೆ. ಆದರೆ ಮನೆಯಲ್ಲಿ ಹಿಟ್ಟಿನ ಡಬ್ಬಿಯ ಹಿಂದೆ ಏನಿದೆ ಅಂತ ಒಮ್ಮೆ ನೋಡಿ. ತೆಗೆಯಲು ಅಲ್ಲ, ಹಾಕಲು.

ಮನೆ ಸೇರಿದ ಸಂಜೆ ಅವ್ವ ಕಾಗಿಣಾ ದಂಡೆಯಲ್ಲಿ ನಿಂತು ಕೇಳಿದಳು: "ಈ ನೀರು ಆ ಸಮುದ್ರಕ್ಕೇ ಹೋಗ್ತದೇನು?"

"ಇಲ್ಲವ್ವ. ಇದು ಭೀಮಾಕ್ಕ ಸೇರ್ತದ, ಭೀಮಾ ಕೃಷ್ಣಾಕ್ಕ, ಕೃಷ್ಣಾ ಆಂಧ್ರದಾಗ ಬಂಗಾಳ ಕೊಲ್ಲಿಗೆ. ಅದು ಆ ಕಡೀ ಸಮುದ್ರ."

"ಹಂಗಾರ ನಮ್ಮ ಸಮುದ್ರ ನೋಡೋದು ಇನ್ನೂ ಬಾಕಿ ಅದ" ಅಂದಳು ಅವ್ವ. ಅಲ್ಲಿಗೆ ಸೊನ್ನೆ ಟಿಕೆಟ್ ನಡೆಯುವುದಿಲ್ಲ ಅಂತ ನಾನು ಹೇಳಲಿಲ್ಲ. ಆ ರಾತ್ರಿ ಡಬ್ಬಿಗೆ ಇಪ್ಪತ್ತು ರೂಪಾಯಿ ಹಾಕಿದ್ದು ನಾನೇ.