ಹೊಲದಂಚಿನಲ್ಲಿ ನಿಲ್ಲುವ ರೈಲು

ಷಿಕಾಗೋ ನಗರದ ನೆಲದಡಿಯ ಮಿಲೇನಿಯಂ ನಿಲ್ದಾಣದಿಂದ ಹೊರಟ ಸೌತ್ ಶೋರ್ ರೈಲು ಗ್ಯಾರಿಯ ಉಕ್ಕಿನ ಕಾರ್ಖಾನೆಗಳನ್ನು ದಾಟಿ, ಮಿಷಿಗನ್ ಸರೋವರದ ಮರಳುದಿಬ್ಬಗಳ ಹಿಂಬದಿಯಲ್ಲೇ ಪೂರ್ವಕ್ಕೆ ಓಡುತ್ತದೆ. ಮಿಷಿಗನ್ ಸಿಟಿ ಕಳೆದರೆ ಮುಸುಕಿನ ಜೋಳದ ಹೊಲಗಳು. ಅವುಗಳ ನಡುವೆ ಹಡ್ಸನ್ ಲೇಕ್ ಎಂಬ ಪುಟ್ಟ ತಾಣ. ನಮ್ಮ ಬಸ್ಸುಗಳ ಕೋರಿಕೆ ನಿಲುಗಡೆಯಂತೆ ಇಲ್ಲಿಯೂ ಹತ್ತುವವರೋ ಇಳಿಯುವವರೋ ಇದ್ದರಷ್ಟೇ ರೈಲು ನಿಲ್ಲುತ್ತದೆ. ಮಹಾನಗರದ ವಿದ್ಯುತ್ ರೈಲು ಒಬ್ಬರಿಗಾಗಿ ಹೊಲದ ಪಕ್ಕ ನಿಲ್ಲುವುದೆಂದರೆ! ನನಗೆ ಸೋಜಿಗ. ನೂರು ವರ್ಷಗಳ ಹಿಂದಿನ ಇಂಡಿಯಾನಾ ರೈತರಿಗೆ ಅದು ದಿನನಿತ್ಯದ ಸಂಗತಿ.

1888ರಲ್ಲಿ ಫ್ರಾಂಕ್ ಸ್ಪ್ರೇಗ್ ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ ವಿದ್ಯುತ್ ಟ್ರಾಮ್ ಓಡಿಸಿ ತೋರಿಸಿದ ಮೇಲೆ, ತಂತಿ ಊರ ಗಡಿ ದಾಟಲು ತಡವಾಗಲಿಲ್ಲ. 1900ರ ಜನವರಿ 1ರಂದು ಗ್ರೀನ್‌ವುಡ್‌ನಿಂದ ಇಂಡಿಯಾನಾಪೊಲಿಸ್‌ಗೆ ಊರಿಂದೂರಿಗೆ ಓಡುವ ಮೊದಲ ‘ಇಂಟರ್‌ಅರ್ಬನ್’ ವಿದ್ಯುತ್ ಗಾಡಿ ಬಂತು. ನಾಲ್ಕೇ ವರ್ಷದಲ್ಲಿ ಅಲ್ಲಿ ಒಂಬತ್ತು ಹಳಿಗಳ ಟ್ರ್ಯಾಕ್ಷನ್ ಟರ್ಮಿನಲ್ ಎದ್ದು ನಿಂತಿತು. ಉಚ್ಛ್ರಾಯ ಕಾಲದಲ್ಲಿ ಈ ಒಂದು ರಾಜ್ಯದಲ್ಲೇ 1,800 ಮೈಲಿಗೂ ಮೀರಿ ಇಂಥ ಹಳಿಗಳಿದ್ದವು.

ಏರು ವೋಲ್ಟೇಜಿನ ವಿದ್ಯುತ್ತನ್ನು ದೂರದ ಸಬ್‌ಸ್ಟೇಷನ್‌ಗಳಿಗೆ ಒಯ್ದು, ಅಲ್ಲಿ 600 ವೋಲ್ಟಿನ ನೇರ ವಿದ್ಯುತ್ತಾಗಿಸಿ ಗಾಡಿಯ ಮೇಲಿನ ತಂತಿಗೆ ಹರಿಸುತ್ತಿದ್ದರು. ಹೊಗೆಯಿಲ್ಲ, ಎಂಜಿನ್ನಿಗೆ ನೀರು ತುಂಬಿಸುವ ಗೋಜಿಲ್ಲ. ಉಗಿಬಂಡಿ ದಿನಕ್ಕೆ ಕೆಲವೇ ಸಲ ಬಂದರೆ, ಇದು ಗಂಟೆಗೊಂದರಂತೆ ಬಂದು ಅಡ್ಡರಸ್ತೆಗಳಲ್ಲೂ ನಿಲ್ಲುತ್ತಿತ್ತು. ಹಾಲಿನ ಕ್ಯಾನು, ಮೊಟ್ಟೆಯ ಪೆಟ್ಟಿಗೆ ಪೇಟೆಗೆ ಹೋದರೆ, ಪೇಟೆಯ ಪತ್ರಿಕೆ ಹಳ್ಳಿಗೆ ಬರುತ್ತಿತ್ತು. ಬೆಳಿಗ್ಗೆ ಪೇಟೆಗೆ ಹೋದವರು ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿರಬಹುದಿತ್ತು.

ಆದರೆ ಕಡಿಮೆ ಖರ್ಚಿನಲ್ಲಿ ಮುಗಿಸಲೆಂದು ಹಳಿಗಳನ್ನು ರಸ್ತೆಯಂಚಿನಲ್ಲೇ ಹಾಸಿದ್ದರು, ಊರೊಳಗೆ ಬೀದಿಯ ಮಧ್ಯದಲ್ಲೇ ಹಾಯಿಸಿದ್ದರು. ಆ ಬೀದಿಗಳಿಗೆ ಕಾರುಗಳು ನುಗ್ಗಿದವು. ಡಾಂಬರು ರಸ್ತೆ ಬೆಳೆದಷ್ಟೂ ಗಾಡಿಗಳು ಬರಿದಾದವು. 1941ರಲ್ಲಿ ಇಂಡಿಯಾನಾಪೊಲಿಸ್‌ನ ಕೊನೆಯ ಇಂಟರ್‌ಅರ್ಬನ್ ಕೂಡ ನಿಂತುಹೋಯಿತು.

ಉಳಿದದ್ದು ನಾನು ಕುಳಿತಿರುವ ಈ ದಾರಿ. 1908ರಲ್ಲಿ 6,600 ವೋಲ್ಟಿನ ಪರ್ಯಾಯ ವಿದ್ಯುತ್ತಿನಿಂದ ಶುರುವಾದ ಇದನ್ನು 1925ರಲ್ಲಿ ವಿದ್ಯುತ್ ಉದ್ಯಮಿ ಸ್ಯಾಮ್ಯುಯೆಲ್ ಇನ್ಸಲ್ ಕೊಂಡ. ಮರುವರ್ಷವೇ 1,500 ವೋಲ್ಟಿನ ನೇರ ವಿದ್ಯುತ್ ಬಂತು, ಉಕ್ಕಿನ ಬೋಗಿಗಳು ಬಂದವು, ಇಲಿನಾಯ್ ಸೆಂಟ್ರಲ್‌ನ ಹಳಿಗಳ ಮೇಲೆ ಷಿಕಾಗೋ ನಡುಪೇಟೆಗೆ ನೇರ ಪ್ರವೇಶ ಸಿಕ್ಕಿತು. ಮರಳುದಿಬ್ಬಗಳನ್ನು ನೋಡಬನ್ನಿ ಎಂದು ನಗರದವರನ್ನು ಕರೆಯುವ ಬಣ್ಣದ ಪೋಸ್ಟರುಗಳನ್ನೂ ಬರೆಸಿದರು. ಸರಕು ಸಾಗಣೆಯ ಆದಾಯವೂ ಜೊತೆಗಿತ್ತು. ಹಳ್ಳಿಯ ಗಾಡಿ ಹೀಗೆ ಗಟ್ಟಿಮುಟ್ಟಾದ ರೈಲಾಯಿತು. ಆದರೂ ಮಿಷಿಗನ್ ಸಿಟಿಯ ಹನ್ನೊಂದನೇ ಬೀದಿಯಲ್ಲಿ ಅದು 2022ರವರೆಗೆ ಕಾರುಗಳ ನಡುವೆಯೇ ಸಾಗುತ್ತಿತ್ತು. ಅಲ್ಲಿ ಈಗ ಹಳಿಗಳಿಗೆ ಸ್ವಂತ ಜಾಗ, 2024ರಿಂದ ಜೋಡಿಮಾರ್ಗ.

ಹಡ್ಸನ್ ಲೇಕ್ ದಾಟಿದ ಮೇಲೆ ಕಾಲವಲಯ ಬದಲಾಗಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಜಿಗಿಯುತ್ತದೆ. ಕೊನೆಯ ನಿಲ್ದಾಣ ಸೌತ್ ಬೆಂಡ್, ಸ್ಟುಡಿಬೇಕರ್ ಕಾರುಗಳ ಹುಟ್ಟೂರು. ಹಳ್ಳಿ ರೈಲುಗಳ ಅನ್ನ ಕಸಿದ ಕಾರುಗಳನ್ನು ತಯಾರಿಸಿದ ಊರುಗಳಲ್ಲಿ ಇದೂ ಒಂದು. ಇಲ್ಲಿ ಆ ಕಾರುಗಳ ತಯಾರಿಕೆ 1963ರಲ್ಲೇ ನಿಂತಿತು. ರೈಲು ಮಾತ್ರ ಇನ್ನೂ ಬರುತ್ತಿದೆ, ಅದೂ 1992ರಿಂದ ವಿಮಾನ ನಿಲ್ದಾಣದ ಬಾಗಿಲಿಗೇ!