ಹದಿನೈದು ಪಾಲು

ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ 1938ರ ಒಂದು ಪಾಲುಪಟ್ಟಿ ಇದೆ. ಛಾಪಾ ಕಾಗದದ ಮಡಿಕೆಗಳು ಹರಿದಿವೆ, ಶಾಯಿ ಕಂದಿದೆ, ಆದರೂ ಬರಹಗಾರರ ಕೈ ಎಷ್ಟು ಗುಂಡಗಿದೆಯೆಂದರೆ ಇವತ್ತಿಗೂ ತಡವರಿಸದೆ ಓದಬಹುದು. ಮುತ್ತಜ್ಜ ತೀರಿಕೊಂಡ ಮೇಲೆ ಮೂವರು ಗಂಡುಮಕ್ಕಳು ನರಸೀಪುರದ ಕಡೆಯ ಗದ್ದೆ, ಮೈಸೂರಿನ ತೊಟ್ಟಿಮನೆ, ಹಿತ್ತಲು, ಚರಸ್ವತ್ತು ಎಲ್ಲವನ್ನೂ ಹಂಚಿಕೊಂಡ ಪತ್ರ ಅದು. ಒಟ್ಟು ಆಸ್ತಿಯನ್ನು 15 ಭಾಗ ಮಾಡಿದ್ದಾರೆ. ಗಂಡುಮಕ್ಕಳಿಗೆ ತಲಾ 4, ತಾಯಿಗೆ 2, ಇನ್ನೂ ಮದುವೆಯಾಗದ ಕಿರಿಯ ತಂಗಿಗೆ 1.

ಆ ಒಂದರ ಮೇಲೆ ನನಗೆ ಬಹಳ ಪ್ರೀತಿ. ಅದು ಅಣ್ಣಂದಿರು ಉದಾರವಾಗಿ ಕೊಟ್ಟದ್ದಲ್ಲ, ಕಾನೂನು ಕೊಡಿಸಿದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಆಸ್ತಿ ಹಕ್ಕಿನ ಕಾಯಿದೆ ಮಾಡಿತು. ಅಣ್ಣತಮ್ಮಂದಿರು ಪಾಲಾಗುವಾಗ ತಾಯಿಗೆ ಒಬ್ಬ ಮಗನ ಪಾಲಿನ ಅರ್ಧ, ಮದುವೆಯಾಗದ ತಂಗಿಗೆ ಅಣ್ಣನ ಪಾಲಿನ ಕಾಲುಭಾಗ. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಪಾಲು ಸಿಕ್ಕಿದ್ದು 1937ರಲ್ಲಿ. ಆ ಕಾಯಿದೆಯಲ್ಲಿ ಮಗಳ ಮಾತೇ ಇರಲಿಲ್ಲ.

ಈ ಕಾಲುಭಾಗದ ಲೆಕ್ಕ ದಿವಾನರ ಕಚೇರಿಯಲ್ಲಿ ಹೊಸದಾಗಿ ಹುಟ್ಟಿದ್ದೂ ಅಲ್ಲ. ಅಣ್ಣಂದಿರು ತಮ್ಮ ಪಾಲಿನಲ್ಲಿ ಕಾಲುಭಾಗ ಕೊಟ್ಟು ತಂಗಿಯರ ಮದುವೆ ಮಾಡಬೇಕು ಎಂದು ಯಾಜ್ಞವಲ್ಕ್ಯ ಸ್ಮೃತಿಯಲ್ಲಿದೆ. ಅದಕ್ಕೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮವನೇ, ಆರನೆಯ ವಿಕ್ರಮಾದಿತ್ಯನ ಕಲ್ಯಾಣದವನು. ಆ ಕಾಲುಭಾಗ ಮದುವೆಯ ಖರ್ಚಿಗೆ ಎತ್ತಿಡುವ ದುಡ್ಡು ಎಂದು ಹೇಳಿ ಮುಗಿಸುವವರನ್ನು ಅವನು ಒಪ್ಪುವುದಿಲ್ಲ; ಹುಡುಗಿಯೂ ಪಾಲಿಗೆ ಬಾಧ್ಯಳು ಎನ್ನುತ್ತಾನೆ. ಇವತ್ತಿನ ಬಸವಕಲ್ಯಾಣದಲ್ಲಿ ಕೂತು ಬರೆದ ಒಂದು ಮಾತು ಎಂಟುನೂರು ವರ್ಷ ದಾಟಿ ಮೈಸೂರಿನ ಒಬ್ಬ ಹುಡುಗಿಗೆ ಗದ್ದೆಯ ತುಂಡೊಂದನ್ನು ಕೊಡಿಸಿತು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮಿತಾಕ್ಷರದ ಇನ್ನೊಂದು ಮಾತೂ ದೊಡ್ಡದು: ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಹಾಗಾಗಿ ನಮ್ಮ ಕಡೆ ಅಪ್ಪನಾದವನು ಇಡೀ ಮನೆತನದ ಆಸ್ತಿಯನ್ನು ಒಂದು ಉಯಿಲಿನಲ್ಲಿ ತನಗೆ ತೋಚಿದಂತೆ ಬರೆದಿಡುವ ಹಾಗಿರಲಿಲ್ಲ. ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿ ಜಮೀನು ಹಿರಿಯ ಮಗನಿಗೆ ಎಂಬುದು ಕಟ್ಟಳೆಯಾಗಿತ್ತು. ಎಂಟನೆಯ ಹೆನ್ರಿಯ ಕಾಲದಲ್ಲಿ, 1540ರಲ್ಲಿ, ಭೂಮಿಯನ್ನೂ ಉಯಿಲಿನಲ್ಲಿ ಬೇಕಾದವರಿಗೆ ಬಿಡಬಹುದೆಂಬ ಕಾನೂನು ಬಂತು. ಆಮೇಲೂ ಜಮೀನ್ದಾರರು ಸಾಮಾನ್ಯವಾಗಿ ಮನೆ, ಹೊಲ ಹಿರಿಯನಿಗೇ ಬಿಟ್ಟು, ಹೆಣ್ಣುಮಕ್ಕಳಿಗೆ ಮದುವೆಯ ಹೊತ್ತಿಗೆ ನಗದು, ಕಿರಿಯರಿಗೆ ವರ್ಷಾಶನ ಎಂದು ಬರೆದರು. ಸತ್ತವನೊಬ್ಬನ ದನಿ ಇಡೀ ಮನೆಯನ್ನು ಆಳುತ್ತಿತ್ತು.

ಷೇಕ್ಸ್‌ಪಿಯರನೂ ಹೀಗೆ ಬರೆದವನೇ. ನಾಟಕದ ಗಳಿಕೆಯಿಂದ ಸ್ಟ್ರಾಟ್‌ಫರ್ಡ್‌ನಲ್ಲಿ 1597ರಲ್ಲಿ ದೊಡ್ಡ ಮನೆ, 1602ರಲ್ಲಿ 107 ಎಕರೆ ಕೊಂಡಿದ್ದ. ಗಂಡುಮಗು ಹ್ಯಾಮ್ನೆಟ್ ಎಳವೆಯಲ್ಲೇ ಹೋಗಿದ್ದ. 1616ರ ಮಾರ್ಚಿನಲ್ಲಿ ಸಹಿ ಹಾಕಿದ ಉಯಿಲಿನಲ್ಲಿ ಹಿರಿಯ ಮಗಳು ಸುಸಾನಳಿಗೆ ಆಸ್ತಿಯ ಬಹುಭಾಗ, ಅವಳ ನಂತರ ಅವಳ ಗಂಡುಮಕ್ಕಳಿಗೆ, ಅವರ ಗಂಡುಮಕ್ಕಳಿಗೆ ಎಂದು ಮುಂದಿನ ತಲೆಮಾರುಗಳನ್ನೆಲ್ಲ ಕಟ್ಟಿಹಾಕಿದ. ಕಿರಿಯವಳು ಜೂಡಿತ್‌ಗೆ ನಗದು, ಒಂದು ಬೆಳ್ಳಿಯ ಬಟ್ಟಲು. ಹೆಂಡತಿ ಆನಳ ಹೆಸರಿಗೆ ಒಂದು ಮಂಚ, ಅದೂ ಮನೆಯ ಎರಡನೆಯ ಒಳ್ಳೆಯ ಮಂಚ. ಸಾಲುಗಳ ನಡುವೆ ಆಮೇಲೆ ತುರುಕಿದ ಮಾತು. ಅದು ಪ್ರೀತಿಯೋ ತಾತ್ಸಾರವೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ನನಗಂತೂ ಅದು ಪ್ರೀತಿ ಎನಿಸುತ್ತದೆ. ದಿನ ಬೆಳಗಾದರೆ ಕಣ್ಣಿಗೆ ಬೀಳುವ ವಸ್ತುವನ್ನು ಮನುಷ್ಯ ಸುಮ್ಮನೆ ಹೆಸರಿಸುವುದಿಲ್ಲ. ಗಂಡುಸಂತತಿಗೆಂದು ಅವನು ಹೆಣೆದ ಏರ್ಪಾಟು ಮಾತ್ರ ಫಲಿಸಲಿಲ್ಲ. ಮೊಮ್ಮಗಳು ಎಲಿಜಬೆತ್ 1670ರಲ್ಲಿ ತೀರಿಕೊಂಡಾಗ ವಂಶವೇ ನಿಂತಿತು.

ಮಂಚದ ಮಾತು ಬಂದಾಗ ನನಗೆ ನಮ್ಮ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ನೆನಪಾಗುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಅಲ್ಲೇ, 1905ರಲ್ಲಿ, ಅಚ್ಚಾದದ್ದು 1909ರಲ್ಲಿ. ಅದರಲ್ಲಿ ದಾಯವಿಭಾಗದ ಅಧ್ಯಾಯಗಳಿವೆ. ತಂದೆ ಬಳಸುತ್ತಿದ್ದ ವಸ್ತುಗಳ ಹಂಚಿಕೆಯ ಒಂದು ಹಳೆಯ ಪದ್ಧತಿಯನ್ನು ಕೌಟಿಲ್ಯ ಹೇಳುತ್ತಾನೆ: ವಾಹನ, ಒಡವೆ ಹಿರಿಯನಿಗೆ, ಮಂಚ, ಪೀಠ, ತಂದೆ ಉಣ್ಣುತ್ತಿದ್ದ ಕಂಚಿನ ತಟ್ಟೆ ನಡುವಿನವನಿಗೆ, ಕರಿಯ ಧಾನ್ಯ, ಕಬ್ಬಿಣ, ಮನೆಯ ಸಾಮಾನು, ಎತ್ತಿನ ಗಾಡಿ ಕಿರಿಯನಿಗೆ. ಏನೂ ಇಲ್ಲದ ಬಡವರು ನೀರಿನ ಪಾತ್ರೆಗಳನ್ನಾದರೂ ಹಂಚಿಕೊಳ್ಳಲಿ ಎಂದು ಹಿಂದಿನ ಆಚಾರ್ಯರು ಹೇಳಿದ್ದನ್ನು ಎತ್ತಿಕೊಂಡು, ಇದು ಬರಿಯ ಮಾತಿನ ಚಮತ್ಕಾರ, ಇರುವುದನ್ನು ಮಾತ್ರ ಹಂಚಬಹುದು ಎಂದು ಕೌಟಿಲ್ಯ ತಳ್ಳಿಹಾಕುತ್ತಾನೆ. ಇಲ್ಲಿ ನಾನು ಆಚಾರ್ಯರ ಕಡೆ. ಅವರು ಬಡವರ ಮನೆಯಲ್ಲಿ ಪಾಲಾಗುವುದನ್ನು ಕಣ್ಣಾರೆ ಕಂಡವರಿರಬೇಕು.

ನಮ್ಮ ಪಾಲುಪಟ್ಟಿಯ ಕೊನೆಯ ಹಾಳೆಯಲ್ಲೂ ಪಾತ್ರೆಗಳ ಪಟ್ಟಿ ಇದೆ. ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಒರಳು, ಎರಡು ಕಾಲುದೀಪ. ಬಾವಿಯ ನೀರು ಸೇದುವುದಕ್ಕೆ ಎಲ್ಲರಿಗೂ ಹಕ್ಕುಂಟು, ನಡುಮನೆಯಿಂದ ಬಾವಿಗೆ ಹೋಗುವ ದಾರಿಯನ್ನು ಯಾರೂ ಮುಚ್ಚತಕ್ಕದ್ದಲ್ಲ ಎಂದು ಬರೆದಿದ್ದಾರೆ. ಗದ್ದೆಯ ಚೆಕ್ಕುಬಂದಿಗಿಂತ ಈ ಹಾಳೆಯನ್ನೇ ನಾನು ಹೆಚ್ಚು ಓದಿದ್ದೇನೆ. ತೀರಿಕೊಂಡವನು ಬರೆದಿಟ್ಟ ಉಯಿಲಿಗಿಂತ, ಬದುಕಿರುವವರು ಜಮಖಾನದ ಮೇಲೆ ಎದುರುಬದುರು ಕೂತು, ಮುನಿಸಿಕೊಂಡು, ಮತ್ತೆ ಮಾತಾಡಿ ಬರೆಸಿದ ಪಾಲುಪಟ್ಟಿಯೇ ಮೇಲು ಎಂದು ನಾನು ನಂಬಿರುವುದು ಇದಕ್ಕೇ.

ಆದರೆ ಆ ಜಮಖಾನದ ಮೇಲೆ ಹೆಣ್ಣುಮಕ್ಕಳಿಗೆ ಜಾಗ ಸಿಗಲು ಬಹಳ ಕಾಲ ಹಿಡಿಯಿತು. ಮುತ್ತಜ್ಜನ, ಆಗಲೇ ಮದುವೆಯಾಗಿದ್ದ, ದೊಡ್ಡ ಮಗಳ ಹೆಸರು ಆ ಪತ್ರದಲ್ಲಿ ಎಲ್ಲೂ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕ ತಂದ 1994ರ ತಿದ್ದುಪಡಿಯೂ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು, 2020ರಲ್ಲಿ ಸುಪ್ರೀಂ ಕೋರ್ಟು ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು ಖಚಿತಪಡಿಸಿತು. ಆದರೂ ಸಬ್‌ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಇವತ್ತಿಗೂ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಕಾದು ಕೂತಿರುತ್ತಾರೆ. ಅರಿಶಿನ ಕುಂಕುಮಕ್ಕೆಂದು ಅಷ್ಟಿಷ್ಟು ಕೈಗೆ ಬಂದಿರುತ್ತದೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತು ಎಂಬ ಹೆದರಿಕೆ ಅವರದು. ಆ ಹೆದರಿಕೆ ನೋಡಿ ನನಗೆ ಹೊಟ್ಟೆ ಉರಿಯುತ್ತದೆ.

ನಮ್ಮ ಚಿಕ್ಕಪ್ಪನ ಮಗಳು ಹೆದರಲಿಲ್ಲ. ‘ಅಣ್ಣಾ, ಪ್ರೀತಿ ಬೇರೆ, ಪಾಲು ಬೇರೆ. ಎರಡೂ ನನಗೆ ಬೇಕು’ ಅಂದಳು. ಅವಳ ಅಣ್ಣ ನಾಲ್ಕು ದಿನ ಮುಖ ಊದಿಸಿಕೊಂಡಿದ್ದು, ಐದನೆಯ ದಿನ ತಾನೇ ಪತ್ರ ಬರಹಗಾರರ ಹತ್ತಿರ ಕರೆದುಕೊಂಡು ಹೋದ. ಈಗ ಅವಳ ಪಾಲಿನ ಖಾತೆ ಅವಳ ಹೆಸರಿನಲ್ಲೇ ಇದೆ, ಕಂದಾಯವನ್ನು ಅವಳೇ ಕಟ್ಟುತ್ತಾಳೆ. ಗೌರಿ ಹಬ್ಬಕ್ಕೆ ಅಣ್ಣನ ಮನೆಯಿಂದ ಬಾಗಿನದ ದುಡ್ಡೂ ತಪ್ಪದೆ ಬರುತ್ತದೆ.